ಮೈಸೂರು ಆಕಾಶವಾಣಿಯ ಮೊದಲ ಸಂಜೆ

ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸದಿಂದಲೇ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದರು. ಪ್ರೇಷಕಯಂತ್ರದ ಶಕ್ತಿ 30 ವ್ಯಾಟ್. ಒಂದು ದೀಪಕ್ಕೆ ಸಾಲುವಷ್ಟು! ಕುವೆಂಪು ಅವರ ಕವಿತಾವಾಚನ, ಎಚ್. ಯೋಗನರಸಿಂಹಂ ಅವರ ಗಾಯನ ಅಂದು ಒಂದೆಡೆ ಕೂಡಿದುವು. ಈ ವೈವಿಧ್ಯಕ್ಕೆ ಕಾರಣ ಯೋಜನೆಗಿಂತಲೂ ಕಾಲೇಜಿನ ಮತ್ತು ನಗರದ ವಿದ್ವತ್ಸ್ನೇಹವೆಂದು ನಾವು ಭಾವಿಸುತ್ತೇವೆ.

ಸಭೆಯಲ್ಲಿ ದೂರ ಕುಳಿತವರಿಗೂ ನಾದ ಮುಟ್ಟಲೆಂದೇ ತಿ. ನರಸೀಪುರದ ಬಳಿಯ ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿದ್ದರು. ಅದೇ ತೊಡಕನ್ನು ಬಾನುಲಿ ಬೇರೊಂದು ಬಗೆಯಲ್ಲಿ ಬಿಡಿಸಹೊರಟಿತು. ಆದರೆ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ವಾದ್ಯಘೋಷ ರಥಬೀದಿಯಲ್ಲಿ ನಿಂತವರೆಲ್ಲರ ಪಾಲಿನದು. ಬಾನುಲಿಯ ಸಂಗೀತವಾದರೋ ಮೊದಮೊದಲು ಪೆಟ್ಟಿಗೆಯನ್ನು ಕೊಳ್ಳಬಲ್ಲವರ ಮನೆಯೊಳಗಿನದು. ಅರಮನೆಯ ಬಾಗಿಲನ್ನು ದಾಟಿದ ಕಲೆ ಹಣದ ಹೊಸ್ತಿಲನ್ನು ಇನ್ನೂ ದಾಟಿರಲಿಲ್ಲ.