ಕದ್ರಿ ಗೋಪಾಲನಾಥರು

ಹೊರಗಿನಿಂದ ಬಂದ ವಾದ್ಯಗಳನ್ನು ಬರಮಾಡಿಕೊಳ್ಳುವ ವಿಷಯದಲ್ಲಿ ಕರ್ಣಾಟಕ ಸಂಗೀತವು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯಾಗಿ ನಡೆದುಕೊಂಡಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕೈಗೆತ್ತಿಕೊಂಡರು. ಎರಡು ಮೂರು ತಲೆ ಕಳೆಯುವಷ್ಟರಲ್ಲಿ ಆ ಪರದೇಶದ ವಾದ್ಯವು ಮನೆಗೆ ಬಂದ ಸೊಸೆಯು ಮನೆಯೊಡತಿಯಾದಂತೆ ಆಯಿತು. ಇಂದು ಪಿಟೀಲಿಲ್ಲದ ಗಾಯನ ಕಚೇರಿಯನ್ನು ಊಹಿಸುವುದೂ ಕಷ್ಟ. ಹಾರ್ಮೋನಿಯಮ್ಮಿಗಾದರೋ ಆ ಭಾಗ್ಯ ದೊರೆಯಲಿಲ್ಲ. 1940ರಲ್ಲಿ ಅಖಿಲ ಭಾರತ ರೇಡಿಯೋ ಸಂಸ್ಥೆಯು ಅದಕ್ಕೆ ಬಾಗಿಲನ್ನೇ ಮುಚ್ಚಿತು. ಮೂರು ದಶಕಗಳು ಕಳೆದ ಮೇಲೆ 1971ರಲ್ಲಿ ಆ ನಿಷೇಧವು ಸಡಿಲವಾಯಿತು. ಹಾರ್ಮೋನಿಯಮ್ಮಿನ ಮೇಲಿದ್ದ ಮುಖ್ಯವಾದ ಆಕ್ಷೇಪಣೆಯು ಅದರ ಸ್ವರಗಳು ಎರಕ ಹೊಯ್ದಂತೆ ನಿಂತಲ್ಲಿಯೇ ನಿಲ್ಲುವುವೆಂಬುದು. ಸ್ವರವು ತೂಗಬೇಕು, ಜಾರಬೇಕು, ನೆರೆಯ ಸ್ವರವನ್ನು ಮುಟ್ಟಿ ಬರಬೇಕು; ಗಮಕವಿಲ್ಲದ ತೋಡಿಯು ತೋಡಿಯೇ ಅಲ್ಲ. ಹೀಗಾಗಿ ಹೊಸದಾಗಿ ಬಂದ ವಾದ್ಯವನ್ನು ನಮ್ಮ ರಸಿಕರು ‘ನೀನು ಯಾವ ದೇಶದವನು’ ಎಂದು ಕೇಳುವುದಕ್ಕಿಂತ ‘ನಿನ್ನ ಸ್ವರ ಬಾಗುತ್ತದೆಯೆ’ ಎಂದು ಕೇಳುವುದೇ ಹೆಚ್ಚು. ಸ್ಯಾಕ್ಸೊಫೋನಿಗೆ ಈ ಪ್ರಶ್ನೆ ಬಂದಾಗ ಉತ್ತರ ಕೊಟ್ಟವರು ದಕ್ಷಿಣ ಕನ್ನಡ ಜಿಲ್ಲೆಯ ಒಬ್ಬ ನಾಗಸ್ವರ ವಾದಕರ ಮಗ.

ಆ ವಾದ್ಯದ ಪೂರ್ವಕಥೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಬೆಲ್ಜಿಯಮ್ಮಿನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡೋಲ್ಫ್ ಸ್ಯಾಕ್ಸನು ಅದನ್ನು ಕಲ್ಪಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರವನ್ನು ಪಡೆದನು. ವಾದ್ಯದ ಹೆಸರಿನಲ್ಲಿ ಅವನ ಮನೆತನದ ಹೆಸರೇ ಉಳಿದಿದೆ. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಲ್ಲಿಟ್ಟುಕೊಳ್ಳುವ ತುದಿಯಲ್ಲಿ ಕಟ್ಟಿದ ಜೊಂಡಿನ ತೆಳುವಾದ ಸೀಳಿನಿಂದ. ಆದುದರಿಂದ ಬಲ್ಲವರು ಅದನ್ನು ಮರದ ಸುಷಿರವಾದ್ಯಗಳ ಪಂಕ್ತಿಯಲ್ಲಿಯೇ ಕೂರಿಸುತ್ತಾರೆ. ಸೈನ್ಯದ ಬ್ಯಾಂಡುಗಳು ಅದನ್ನು ಬೇಗನೆ ಒಪ್ಪಿದುವು. ಶಾಸ್ತ್ರೀಯ ಸಂಗೀತದವರು ಒಪ್ಪಲಿಲ್ಲ. ಪ್ಯಾರಿಸಿನ ಸಂಗೀತ ವಿದ್ಯಾಲಯದಲ್ಲಿ ಸ್ಯಾಕ್ಸನೇ ಪಾಠ ಹೇಳುತ್ತಿದ್ದ ತರಗತಿಯು 1870ರಲ್ಲಿ ನಿಂತುಹೋಯಿತು. ಮಾರ್ಸೆಲ್ ಮ್ಯೂಲ್ ಎಂಬ ವಾದಕನನ್ನು ಅಧ್ಯಾಪಕನನ್ನಾಗಿ ನೇಮಿಸಿ ಅದನ್ನು ಮತ್ತೆ ತೆರೆದದ್ದು 1942ರಲ್ಲಿ. ತನ್ನ ತೌರಿನಲ್ಲಿಯೇ ಎಪ್ಪತ್ತೆರಡು ವರ್ಷ ಗುರುಪೀಠವಿಲ್ಲದೆ ಅಲೆದ ವಾದ್ಯವು ಮದರಾಸಿನ ಸಭೆಗಳ ಮುಂದೆ ಬಂದಾಗ ಅಲ್ಲಿಯ ಹಿರಿಯರು ಹುಬ್ಬೇರಿಸಿದ್ದರೆ ಅವರನ್ನು ದೂರುವಂತಿಲ್ಲ.

ಗೋಪಾಲನಾಥರು 1949ರ ಡಿಸೆಂಬರ್ 6ರಂದು ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು, ತಾಯಿ ಗಂಗಮ್ಮನವರು. ತಂದೆಯವರೇ ಮೊದಲ ಗುರುಗಳು. ಕಲಿತ ಮೊದಲ ವಾದ್ಯ ನಾಗಸ್ವರ. ಆ ಮನೆಯ ಹುಡುಗನು ತಂದೆಯ ಜಾಡಿನಲ್ಲಿಯೇ ನಡೆದು, ದೇವಸ್ಥಾನದ ಉತ್ಸವಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಊದಿಕೊಂಡು ಬಾಳಬಹುದಾಗಿತ್ತು. ಹಾಗಾಗದಂತೆ ಮಾಡಿದ್ದು ಮೈಸೂರು. ಅಲ್ಲಿಯ ಅರಸರಿಗೆ ಪಾಶ್ಚಾತ್ಯ ಸಂಗೀತದಲ್ಲಿದ್ದ ಆಸಕ್ತಿಯು ಪ್ರಸಿದ್ಧವಾದದ್ದು. ಅರಮನೆಯಲ್ಲಿ ಸೊಗಸಾದ ಬ್ಯಾಂಡು ಮೇಳವಿತ್ತು. ಆ ಮೇಳದಲ್ಲಿ ಸ್ಯಾಕ್ಸೊಫೋನನ್ನು ಕೇಳಿದ ಹುಡುಗನಿಗೆ ಅದರ ನಾದವು ಮನಸ್ಸಿನಲ್ಲಿ ಕಚ್ಚಿಕೊಂಡಿತು. ಬ್ಯಾಂಡಿನವರು ನುಡಿಸುತ್ತಿದ್ದ ಗತ್ತುಗಳಲ್ಲಿ ಅವನಿಗೆ ಕೀರ್ತನೆಯ ಸಾಧ್ಯತೆ ಹೇಗೆ ತೋರಿತೋ ಹೇಳುವುದು ಕಷ್ಟ. ನಾಗಸ್ವರದ ಕಿವಿಯಿಂದ ಕೇಳಿದುದೇ ಕಾರಣವಾಗಿರಬಹುದು.

ನಾಗಸ್ವರದಲ್ಲಿ ಬೆರಳು ರಂಧ್ರವನ್ನು ನೇರವಾಗಿ ಮುಟ್ಟುತ್ತದೆ. ಅರ್ಧ ತೆರೆಯಬಹುದು, ಕಾಲು ಭಾಗ ಮುಚ್ಚಬಹುದು. ಉಸಿರಿನ ಒತ್ತಡವನ್ನು ಹೆಚ್ಚು ಕಡಮೆ ಮಾಡಿ ಸ್ವರವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಸ್ಯಾಕ್ಸೊಫೋನಿನಲ್ಲಿ ಈ ಸೌಕರ್ಯವಿಲ್ಲ. ಅದರ ರಂಧ್ರಗಳು ದೊಡ್ಡವು. ಅವುಗಳನ್ನು ಬೆರಳು ಮುಚ್ಚುವುದಿಲ್ಲ, ಬೆರಳು ಒತ್ತುವ ಕೀಲಿಗಳ ತುದಿಯಲ್ಲಿರುವ ಮುಚ್ಚಳಗಳು ಮುಚ್ಚುತ್ತವೆ. ಕಲಾವಿದನಿಗೂ ರಂಧ್ರಕ್ಕೂ ನಡುವೆ ಒಂದು ಯಂತ್ರವೇ ನಿಂತಿರುತ್ತದೆ. ಹನ್ನೆರಡು ಸ್ವರಸ್ಥಾನಗಳನ್ನು ಸಮಪ್ರಮಾಣದಲ್ಲಿ ಹಂಚಿ ಕಟ್ಟಿದ ಆ ಯಂತ್ರವು ಒತ್ತಿದ ಸ್ವರವನ್ನು ಕೊಟ್ಟು ಸುಮ್ಮನಾಗುತ್ತದೆ. ಹಾರ್ಮೋನಿಯಮ್ಮಿಗಿದ್ದ ದೋಷ ಇದಕ್ಕೂ ಇದೆಯೆಂದೇ ಮೊದಲ ನೋಟಕ್ಕೆ ತೋರುವುದು. ಆದರೆ ಒಂದು ದಾರಿ ಉಳಿದಿದೆ: ಬಾಯಿ. ತುಟಿಯ ಹಿಡಿತವನ್ನೂ ದವಡೆಯ ಒತ್ತಡವನ್ನೂ ಸಡಿಲಿಸಿದರೆ ಸ್ವರವು ಕೆಳಕ್ಕೆ ಬಾಗುತ್ತದೆ. ಗಂಟಲು ನಾಲಗೆಗಳ ಸ್ಥಿತಿ ಬದಲಾದರೆ ನಾದದ ಬಣ್ಣ ಬದಲಾಗುತ್ತದೆ. ಕೆಳಕ್ಕೆ ಬಾಗಿಸುವುದು ಸುಲಭ, ಮೇಲಕ್ಕೆ ಎಳೆಯುವುದು ಕಷ್ಟ. ಆದುದರಿಂದ ಮೇಲಿನ ಸ್ವರದ ಕೀಲಿಯನ್ನು ಹಿಡಿದು ತುಟಿಯಿಂದ ಅದನ್ನು ತಗ್ಗಿಸಿ, ಮತ್ತೆ ಬಿಟ್ಟು ಮೇಲೇರಿಸುವ ಉಪಾಯಗಳನ್ನು ಸಾಧಿಸಬೇಕು. ಕೀಲಿಯನ್ನು ಥಟ್ಟನೆ ಬಿಡದೆ ನಿಧಾನವಾಗಿ ಎತ್ತಿ ಜಾರಿಸಬೇಕು. ವೀಣೆಯಲ್ಲಿ ತಂತಿಯನ್ನು ಎಳೆಯುವ ಬೆರಳಿನ ಕೆಲಸವನ್ನು ಇಲ್ಲಿ ತುಟಿ ಮಾಡಬೇಕಾಗಿದೆ. ಇದನ್ನೆಲ್ಲ ಹೇಳಿಕೊಡುವ ಪುಸ್ತಕವಿರಲಿಲ್ಲ. ಗೋಪಾಲನಾಥರಿಗೆ ವಾದ್ಯವು ಪೂರ್ಣವಾಗಿ ವಶವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತೆಂದು ಹೇಳುವುದು ವಾಡಿಕೆ. ಆ ಮಾತಿನಲ್ಲಿ ಅತಿಶಯೋಕ್ತಿ ಇದ್ದಂತಿಲ್ಲ.

ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರವರು ಅವರಿಗೆ ಪಾಠ ಹೇಳಿದರು. ಮುಂದೆ ಮದರಾಸಿನಲ್ಲಿ, ಗಾಯನ ಮೃದಂಗಗಳೆರಡರಲ್ಲಿಯೂ ವಿದ್ವಾಂಸರಾದ ಟಿ. ವಿ. ಗೋಪಾಲಕೃಷ್ಣನ್ ಅವರು ಈ ತರುಣನ ಶಕ್ತಿಯನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಇವರು ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಈ ಗುರುಗಳಲ್ಲಿ ಯಾರೂ ಸ್ಯಾಕ್ಸೊಫೋನ್ ವಾದಕರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಾದ್ಯದ ಕೆಲಸವನ್ನು ಶಿಷ್ಯನೇ ನೋಡಿಕೊಳ್ಳಬೇಕಾಗಿತ್ತು. ಗುರುವು ಹಾಡಿ ತೋರಿದುದನ್ನು ಶಿಷ್ಯನು ಹಿತ್ತಾಳೆಯಲ್ಲಿ ಹುಡುಕಿಕೊಳ್ಳಬೇಕಾಗಿತ್ತು. ಇದು ಕೊರತೆಯಂತೆ ತೋರಿದರೂ ಲಾಭವೇ ಆಯಿತು. ವಾದ್ಯಕ್ಕೆ ಸುಲಭವಾದುದನ್ನು ನುಡಿಸುವ ಚಾಳಿ ಅವರಿಗೆ ಹತ್ತಲಿಲ್ಲ; ಹಾಡಿಗೆ ಬೇಕಾದುದನ್ನು ನುಡಿಸುವ ಪಾಠವೇ ನಿಂತಿತು.

ಮದರಾಸಿನಲ್ಲಿ ಚೆಂಬೈ ಸ್ಮಾರಕ ಸಂಸ್ಥೆಯ ಆಶ್ರಯದಲ್ಲಿ ನುಡಿಸಿದ ಕಚೇರಿಯು ಅವರ ಮೊದಲ ಮೆಟ್ಟಿಲು. ಹೆಸರು ದೂರ ಹಬ್ಬಿದ್ದು 1980ರಲ್ಲಿ, ಮುಂಬಯಿಯ ಜಾಝ್ ಉತ್ಸವದಲ್ಲಿ. ಕ್ಯಾಲಿಫೋರ್ನಿಯದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ, ತಾವೂ ಇವರೊಡನೆ ವೇದಿಕೆಯಲ್ಲಿ ನುಡಿಸಬೇಕೆಂದು ಬಯಸಿದರು. ತನ್ನ ವಾದ್ಯದಿಂದ ತಾನೆಂದೂ ಕೇಳದ ಮಾತು ಹೊರಡುವುದನ್ನು ಕೇಳಿದ ವಾದಕನಿಗೆ ಎಷ್ಟು ಬೆರಗಾಗಿರಬೇಕು! ಪ್ರೇಗ್, ಬರ್ಲಿನ್ ಮೊದಲಾದ ನಗರಗಳ ಉತ್ಸವಗಳಿಗೆ ಕರೆ ಬಂದಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಪ್ರಾಮೆನಾಡ್ ಕಚೇರಿಗಳಲ್ಲಿ ಅವರು ನುಡಿಸಿದರು. ಕರ್ಣಾಟಕ ಸಂಗೀತದ ವಿದ್ವಾಂಸರಲ್ಲಿ ಆ ಗೌರವವು ಮೊದಲು ಸಂದದ್ದು ಇವರಿಗೆ. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶಿಸಿ ಎ. ಆರ್. ರೆಹಮಾನ್ ಸಂಗೀತ ನೀಡಿದ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಇವರ ವಾದನ ಕೇಳಿಬಂದು, ಸಭೆಗಳ ಮೆಟ್ಟಿಲನ್ನು ಹತ್ತದ ಮನೆಗಳಿಗೂ ಆ ನಾದ ಹೊಕ್ಕಿತು. 2004ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಬಿರುದುಗಳು ಬಹಳ; ಅವುಗಳ ಪಟ್ಟಿ ಇಲ್ಲಿ ಬೇಕಿಲ್ಲ.

ಪಿಟೀಲು ವಿದುಷಿ ಎ. ಕನ್ಯಾಕುಮಾರಿಯವರೊಡನೆ ಅವರು ನಡೆಸಿದ ಕಚೇರಿಗಳನ್ನು ಕೇಳಿದವರು ಮರೆಯುವಂತಿಲ್ಲ. ಪಟ್ನಂ ಸುಬ್ರಹ್ಮಣ್ಯ ಅಯ್ಯರವರು ಕದನಕುತೂಹಲ ರಾಗದಲ್ಲಿ ರಚಿಸಿದ ಕೃತಿಯನ್ನು ಗೋಪಾಲನಾಥರಿಂದ ಶ್ರೋತೃಗಳು ಮೇಲಿಂದ ಮೇಲೆ ಬಯಸುತ್ತಿದ್ದರು. ಪಾಶ್ಚಾತ್ಯ ಸಂಗೀತದ ಛಾಯೆಯುಳ್ಳ ಆ ರಾಗವು ಸ್ಯಾಕ್ಸೊಫೋನಿಗೆ ಹೇಳಿಮಾಡಿಸಿದಂತಿತ್ತು. ಚಪ್ಪಾಳೆಯೂ ಅದಕ್ಕೇ ಹೆಚ್ಚು. ಆದರೆ ಅವರ ವಿದ್ವತ್ತನ್ನು ಅಳೆಯಬೇಕಾದುದು ಆ ಮಿಂಚಿನ ನಡೆಯಿಂದಲ್ಲ. ವಿಳಂಬಕಾಲದ ಆಲಾಪನೆಯಲ್ಲಿ ಅಷ್ಟು ದೊಡ್ಡ ದನಿಯ ವಾದ್ಯವನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ ಒಂದು ಗಾಂಧಾರವನ್ನು ತೂಗುತ್ತಿದ್ದ ರೀತಿಯಿಂದ. ಜಾಝ್ ವಾದಕರೊಡನೆ ಮಾಡಿದ ಕೂಡುಕಚೇರಿಗಳ ವಿಷಯದಲ್ಲಿ ಸಂಪ್ರದಾಯಸ್ಥರು ಅಲ್ಲಲ್ಲಿ ಗೊಣಗಿದುದುಂಟು. ಆ ಕಚೇರಿಗಳೆಲ್ಲ ಒಂದೇ ಮಟ್ಟದವೆಂದು ಹೇಳಲಾಗದು. ಆದರೆ ಅಲ್ಲಿಯೂ ಅವರು ರಾಗದ ಅಂಕೆಯನ್ನು ಬಿಟ್ಟುಕೊಟ್ಟವರಲ್ಲ.

ಪುಸ್ತಕವಿಲ್ಲದೆ ಕಲಿತವರು ತಾವೇ ಪುಸ್ತಕವಾದರು. ಎಂ. ಎಸ್. ಲಾವಣ್ಯ ಅವರಂತಹ ಶಿಷ್ಯರು ಈ ವಾದ್ಯದಲ್ಲಿಯೇ ಪೂರ್ಣ ಕಚೇರಿ ನಡೆಸುವ ವಿದ್ವಾಂಸರಾದರು. ಗಂಡಸರ ಉಸಿರಿಗೆ ಮಾತ್ರ ದಕ್ಕುವ ವಾದ್ಯವೆಂಬ ಎಣಿಕೆಯು ಇದರಿಂದ ತಾನಾಗಿಯೇ ಬಿದ್ದುಹೋಯಿತು. ಕಡಲಾಚೆಯ ಶಿಷ್ಯರೊಬ್ಬರ ಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪನವರು ಜಾಝ್ ಸ್ಯಾಕ್ಸೊಫೋನ್ ವಾದಕರು. ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣನು ಹಾಸ್ಯಕ್ಕೆಂದು ಗೋಪಾಲನಾಥರ ಒಂದು ಧ್ವನಿಮುದ್ರಿಕೆಯನ್ನು ತಂದುಕೊಟ್ಟನು. ಹಾಸ್ಯವು ಹಾಸ್ಯವಾಗಿ ಉಳಿಯಲಿಲ್ಲ. ತಮ್ಮನು ಅದನ್ನು ಕೇಳಿ ಬೆರಗಾಗಿ, ವರ್ಷಗಳ ಮೇಲೆ ಗೋಪಾಲನಾಥರನ್ನು ಕಂಡು ಕಲಿತು, ಅವರೊಡನೆ ಸೇರಿ ನುಡಿಸಿದರು; 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಹೆಸರಿನಲ್ಲಿ ಆ ಸಂಗೀತ ಪ್ರಕಟವಾಯಿತು. ಹೆಸರಿನ ಅರ್ಥ ಬಂಧುಗಳೆಂದು.

ಇಷ್ಟಾದ ಮೇಲೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಗೋಪಾಲನಾಥರ ಕೀರ್ತಿಯು ಹಬ್ಬಿದಂತೆಲ್ಲ ತುಳುನಾಡಿನಲ್ಲಿ ಸ್ಯಾಕ್ಸೊಫೋನು ಕಚೇರಿಯ ವೇದಿಕೆಯಿಂದ ಇಳಿದು ಬೀದಿಗೂ ಅಂಗಳಕ್ಕೂ ಬಂದಿತು. ಮದುವೆಯ ದಿಬ್ಬಣದಲ್ಲಿ, ದೇವರ ಬಲಿ ಹೊರಡುವಾಗ, ಭೂತದ ಕೋಲದಲ್ಲಿ ಹಿಂದೆ ನಾಗಸ್ವರವು ನಿಂತಿದ್ದ ಸ್ಥಳದಲ್ಲಿ ಈಗ ಎಷ್ಟೋ ಕಡೆ ಹಿತ್ತಾಳೆಯ ಈ ವಾದ್ಯವು ನಿಂತಿದೆ. ಎಷ್ಟೋ ಮನೆತನಗಳಿಗೆ ಇದರಿಂದ ಅನ್ನ ದೊರೆತಿದೆ. ನಾಗಸ್ವರವನ್ನು ಹಿಡಿಯುವ ಹುಡುಗರು ಅಷ್ಟರ ಮಟ್ಟಿಗೆ ಕಡಮೆಯಾಗಿದ್ದಾರೆ. ತನಿಯಪ್ಪನವರ ವಾದ್ಯದಿಂದಲೇ ಮಗನ ವಾದ್ಯಕ್ಕೆ ಗಮಕದ ವಿದ್ಯೆ ಬಂದಿತು. ಇನ್ನು ಮುಂದೆ ನಾಗಸ್ವರವನ್ನು ಕೇಳದೆಯೇ ಸ್ಯಾಕ್ಸೊಫೋನನ್ನು ಕಲಿಯುವ ತಲೆಯವರಿಗೆ ಆ ಕಿವಿ ಎಲ್ಲಿಂದ ಬರಬೇಕೆಂಬುದು ಯೋಚಿಸಬೇಕಾದ ವಿಷಯ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕಾಲವಾದರು. ಆಗ ಅವರ ವಯಸ್ಸು ಅರುವತ್ತೊಂಬತ್ತು.