ಒಂದೇ ಮನೆಯ ಎರಡು ಮದ್ದುಗಳು

ಮುಪ್ಪಿನ ಕಣ್ಣುಬೇನೆಯೆಂದರೆ ನಮಗೆ ಒಡನೆ ನೆನಪಾಗುವುದು ಪೊರೆ. ಅದನ್ನು ತೆಗೆಸಿಕೊಂಡರೆ ಸಾಮಾನ್ಯವಾಗಿ ನೋಟ ಮರಳುತ್ತದೆ. ಆದರೆ ಕಣ್ಣಿನ ಹಿಂಬದಿಯ ಅಕ್ಷಿಪಟಲದ ನಟ್ಟನಡುವೆ ಇರುವ ಮ್ಯಾಕ್ಯುಲಾ ಎಂಬ ಪುಟ್ಟ ತಾಣವೇ ಕೆಟ್ಟರೆ? ಬಾಗಿಲು ಕಾಣುತ್ತದೆ, ಬಂದವರ ಮುಖ ಕಾಣದು. ಪುಟ ಕಾಣುತ್ತದೆ, ಪದ ಕಾಣದು. ಓದನ್ನೇ ಕಸುಬಾಗಿಸಿಕೊಂಡ ನನ್ನಂಥವನಿಗೆ ಇದಕ್ಕಿಂತ ಅಂಜಿಕೆ ಹುಟ್ಟಿಸುವ ರೋಗ ಬೇರೊಂದಿಲ್ಲ.

ಜ್ಯೂರಿಕ್ ನಗರದ ನೇತ್ರವೈದ್ಯ ಆಟೊ ಹಾಬ್ 1885ರಲ್ಲಿ ಇದನ್ನು ಮುಪ್ಪಿನ ರೋಗವೆಂದು ವರ್ಣಿಸಿದರು. ಆಮೇಲೆ ಸುಮಾರು ಒಂದು ಶತಮಾನ ವೈದ್ಯರ ಬಳಿ ಸಮಾಧಾನದ ಮಾತಿನ ಹೊರತು ಹೆಚ್ಚೇನೂ ಇರಲಿಲ್ಲ. ಈ ರೋಗದ ‘ಒದ್ದೆ’ ಬಗೆಯಲ್ಲಿ ಪಟಲದಡಿ ಬೇಡದ ರಕ್ತನಾಳಗಳು ಮೊಳೆತು ಸೋರುತ್ತವೆ. 1980ರ ದಶಕದ ಲೇಸರ್ ಅವನ್ನು ಸುಡುತ್ತಿತ್ತು, ಜೊತೆಗೆ ಪಟಲವನ್ನೂ!

ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಅಮೆರಿಕದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು 1989ರಲ್ಲಿ ಬೆಳಕಿಗೆ ತಂದರು. ಅದನ್ನು ತಡೆಯುವ ಬೆವಾಸಿಜುಮಾಬ್ 2004ರಲ್ಲಿ ಕರುಳಿನ ಕ್ಯಾನ್ಸರಿನ ಮದ್ದಾಯಿತು. ಅದೇ ಕಂಪನಿ ಕಣ್ಣಿಗೆಂದು ರಾನಿಬಿಜುಮಾಬನ್ನು ಬೇರೆಯೇ ಸಿದ್ಧಪಡಿಸುತ್ತಿತ್ತು. ಅದು ಪೇಟೆಗೆ ಬರುವ ತನಕ ಕಾಯದೆ, 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರ್ ಮದ್ದನ್ನೇ ಹನಿಯಷ್ಟು ಕಣ್ಣಿನೊಳಕ್ಕೆ ಚುಚ್ಚಿದರು. ಸೋರಿಕೆ ಇಂಗಿತು. ಸುದ್ದಿ ಹಬ್ಬಿ, ದೇಶದೇಶಗಳ ವೈದ್ಯರು ಅದೇ ದಾರಿ ಹಿಡಿದರು.

ಮರುವರ್ಷ ರಾನಿಬಿಜುಮಾಬಿಗೆ ಅನುಮತಿ ಸಿಕ್ಕಿತು. ಅದರ ಹಿಂದೆ ಗಟ್ಟಿ ಪುರಾವೆಯಿತ್ತು: 716 ಮಂದಿಯ ಒಂದು ಪರೀಕ್ಷೆಯಲ್ಲಿ, ಹೆಚ್ಚಿನ ಪ್ರಮಾಣ ಪಡೆದವರ ಪೈಕಿ ನೂರಕ್ಕೆ ಸುಮಾರು 34 ಮಂದಿ ವರ್ಷದ ಕೊನೆಗೆ ಪಟ್ಟಿಯಲ್ಲಿ 15 ಅಕ್ಷರ ಹೆಚ್ಚಾಗಿ ಓದಿದರು, ಮದ್ದಿಲ್ಲದವರಲ್ಲಿ 5 ಮಂದಿ. ಬೆಲೆಯೋ, ಚುಚ್ಚುಮದ್ದೊಂದಕ್ಕೆ ಸುಮಾರು 2,000 ಡಾಲರ್. ಕ್ಯಾನ್ಸರ್ ಮದ್ದಿನ ಹನಿಗೆ 50 ಡಾಲರ್ ಆದರೆ ಹೆಚ್ಚು!

ಹಾಗಾದರೆ ಅಗ್ಗದ್ದು ಸಾಲದೇ? ಎರಡನ್ನೂ ಮಾರುವ ಕಂಪನಿಗೆ ಅವನ್ನು ಎದುರುಬದುರು ನಿಲ್ಲಿಸುವ ಗರಜೇನಿತ್ತು? ಅಮೆರಿಕದ ಸರ್ಕಾರಿ ನೇತ್ರಸಂಸ್ಥೆಯೇ ಹಣ ಕೊಟ್ಟು, 1,208 ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. 2011ರಲ್ಲಿ ಫಲ ಹೊರಬಿತ್ತು: ವರ್ಷದ ಬಳಿಕ ನೋಟದಲ್ಲಿ ಎರಡೂ ಸರಿಸಮ. ಅಗ್ಗದ ಮದ್ದಿನವರಲ್ಲಿ ಆಸ್ಪತ್ರೆ ಸೇರಿದವರು ತುಸು ಹೆಚ್ಚಿದ್ದರು, ಅದನ್ನೂ ಮುಚ್ಚಿಡಲಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಹನಿಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಾನಿಬಿಜುಮಾಬಿನ ಅಗ್ಗದ ಪ್ರತಿರೂಪವೊಂದು 2015ರಲ್ಲಿ ನಮ್ಮ ಅಹಮದಾಬಾದಿನಿಂದಲೇ ಬಂತು.

ಇದೆಲ್ಲ ಒದ್ದೆ ಬಗೆಯ ಮಾತು. ಹೆಚ್ಚು ಮಂದಿಗೆ ಬರುವ ‘ಒಣ’ ಬಗೆಗೆ ಈ ಸೂಜಿ ಉಪಯೋಗಕ್ಕಿಲ್ಲ.