ಪೈಸೆಗೊಂದು ಪಟ

ದಸರೆ, ದೀಪಾವಳಿಗಳು ಸಮೀಪಿಸಿದಂತೆ ಯಾರಿಗೆ ಏನು ಕೊಡುವುದೆಂಬ ಚಿಂತೆ ಊರು ಬಿಟ್ಟು ಊರು ಸೇರಿದ ನಮ್ಮಂಥವರನ್ನು ತುಸು ಹೆಚ್ಚಾಗಿಯೇ ಕಾಡುತ್ತದೆ. (ಸರ್ಕಾರಿ ನೌಕರರಾದ ನಮಗಂತೂ ಉಡುಗೊರೆಯ ಬೆಲೆಗೂ ನಡತೆ ನಿಯಮಗಳ ಮಿತಿಯುಂಟು.) ಕಲಾವಿದನೊಬ್ಬ ಕೈಯಾರೆ ಬರೆದ ಚಿತ್ರವನ್ನು ಕೊಡಬಾರದೇಕೆ ಎಂದರೆ, ಅದು ಸಿರಿವಂತರ ಬಾಬತ್ತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ ಈ ಉತ್ತರವನ್ನು ಯಾರೂ ಒಪ್ಪುತ್ತಿರಲಿಲ್ಲ.

ಕಾಳೀಘಾಟದ ಈಗಿನ ಗುಡಿ ಪೂರ್ಣಗೊಂಡದ್ದು 1809ರಲ್ಲಿ. ಯಾತ್ರಿಕರ ಸಂದಣಿ ಬೆಳೆದಂತೆ ಮೇದಿನೀಪುರ ಮೊದಲಾದ ಕಡೆಗಳಿಂದ ಪಟುವಾ ಮನೆತನಗಳು ಬಂದು ಗುಡಿಯ ಸುತ್ತ ನೆಲೆಸಿದವು. ಹಳ್ಳಿಗಳಲ್ಲಿ ಅವರದು ಉದ್ದನೆಯ ಸುರುಳಿಚಿತ್ರ. ಒಂದೊಂದೇ ದೃಶ್ಯವನ್ನು ಬಿಚ್ಚುತ್ತ, ಬೆರಳಿಟ್ಟು ತೋರಿಸುತ್ತ, ಕಥೆಯನ್ನು ಹಾಡಬೇಕು. ದರ್ಶನ ಮುಗಿಸಿ ಊರಿಗೆ ಮರಳುವ ಆತುರದಲ್ಲಿರುವವನಿಗೆ ಅಷ್ಟು ವ್ಯವಧಾನವೆಲ್ಲಿ? ಸುರುಳಿ ಹೋಗಿ ಬಿಡಿ ಹಾಳೆ ಬಂತು. ಗಿರಣಿಯ ಅಗ್ಗದ ಕಾಗದ, ಹಿನ್ನೆಲೆಯಿಲ್ಲದ ಬಿಳಿಯ ಬಯಲು, ಅದರ ನಡುವೆ ಒಂದೇ ಎಳೆತದಲ್ಲಿ ಮೂಡಿದಂತಿರುವ ಕಾಳಿ. ಬೆಲೆ ಒಂದೆರಡು ಪೈಸೆ. ತಿರುಪತಿಗೆ ಹೋದವರು ಬಂಧುಗಳಿಗೆ ಲಾಡು ಹಂಚುವಂತೆ ಬಂಗಾಳದ ಯಾತ್ರಿಕರು ಈ ಪಟಗಳನ್ನು ಮನೆಗೆ ಒಯ್ದರು.

ಆ ಬೆಲೆಗೆ ಅದು ಸಾಧ್ಯವಾದದ್ದು ಮನೆಮಂದಿಯೆಲ್ಲ ದುಡಿದುದರಿಂದ. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುತ್ತಿದ್ದರು, ಮತ್ತೊಬ್ಬರು ಒಡವೆಗಳಿಗೆ ಬೆಳ್ಳಿಯ ಹೊಳಪು ಕೊಡುತ್ತಿದ್ದರು. ಅಂಥ ನೂರಾರು ಪಟಗಳಲ್ಲಿ ಮೂಲ ಯಾವುದು, ನಕಲು ಯಾವುದು? ಈ ಪ್ರಶ್ನೆಗೇ ಅಲ್ಲಿ ಅರ್ಥವಿರಲಿಲ್ಲ. ಅಗ್ಗವೆಂದು ಅವರು ಅಲಕ್ಷ್ಯದಿಂದ ಬರೆದರೆಂದು ತಿಳಿಯಬಾರದು. ತೋಳಿನ ದುಂಡನ್ನು ಒಂದೇ ಒದ್ದೆ ಕುಂಚದಲ್ಲಿ ಅಂಚಿನಿಂದ ಒಳಕ್ಕೆ ತಿಳಿಗೊಳಿಸುವ ಆ ನೆರಳು, ನಮ್ಮ ಮಟ್ಟಿಗೆ, ಎಷ್ಟೋ ತೈಲಚಿತ್ರಗಳಿಗಿಂತ ಮೇಲು.

ದೇವರಷ್ಟೇ ಅಲ್ಲ, ಊರಿನ ಸುದ್ದಿಯೂ ಪಟವಾಗುತ್ತಿತ್ತು. 1873ರಲ್ಲಿ ನಬೀನನೆಂಬವನು ತಾರಕೇಶ್ವರದ ಮಹಂತನೊಡನೆ ಸಂಬಂಧವಿತ್ತೆಂದು ಹೆಂಡತಿ ಏಲೋಕೇಶಿಯನ್ನು ಮೀನು ಕೊಯ್ಯುವ ಕತ್ತಿಯಿಂದ ಕೊಂದ. ಆ ಕೊಲೆ, ವಿಚಾರಣೆ, ಜೈಲಿನಲ್ಲಿ ಗಾಣ ತಿರುಗಿಸುವ ಮಹಂತ, ಎಲ್ಲವೂ ಚಿತ್ರಗಳಾಗಿ ಮಾರಾಟವಾದವು. ಜುಬ್ಬಾ ತೊಟ್ಟ ಬಾಬು ಹೆಂಡತಿಯ ಕಾಲಿನ ಕುರಿಯಾಗಿಯೂ ಕಾಣಿಸಿಕೊಂಡ.

ಈ ಪಟಗಳನ್ನು ಕೂಡಿಟ್ಟವರಲ್ಲಿ ಮುಂಬಯಿಯ ಕಲಾಶಾಲೆಯಲ್ಲಿ ಪಾಠ ಹೇಳಿದ್ದ ಲಾಕ್‌ವುಡ್ ಕಿಪ್ಲಿಂಗ್ ಒಬ್ಬರು. ಅವರ ಸಂಗ್ರಹವನ್ನು ಮಗ ರಡ್ಯಾರ್ಡ್ 1917ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕೊಟ್ಟರು. ಅಷ್ಟರಲ್ಲಿ ಇತ್ತ ಕಾಳೀಘಾಟದಲ್ಲಿ ಕಸುಬು ಸೊರಗಿತ್ತು. ಜರ್ಮನಿಯಿಂದಲೂ ದೇಶದ ಮುದ್ರಣಾಲಯಗಳಿಂದಲೂ ಬಂದ ಮಿರುಗುವ ದೇವರುಗಳ ಮುಂದೆ ಕೈಚಿತ್ರ ಮಂಕಾಗಿ ಕಂಡಿತು. ನಾವು ಇದನ್ನು ಬರೀ ದೂರುವಂತಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋದ ರವಿವರ್ಮನ ಅಚ್ಚುಕೂಟವೇ ನಮ್ಮ ಅಜ್ಜಿಯರ ದೇವರ ಗೂಡಿಗೆ ಲಕ್ಷ್ಮಿ, ಸರಸ್ವತಿಯರನ್ನು ಕಳುಹಿಸಿದ್ದು. ದೇವರು ಮನೆಮನೆಗೆ ಬಂದರು. ಬರೆದ ಕೈ ಮಾತ್ರ ಬರಲಿಲ್ಲ. 1930ರ ಸುಮಾರಿಗೆ ಕಾಳೀಘಾಟದ ಪಟ ಹೆಚ್ಚುಕಡಿಮೆ ನಿಂತೇಹೋಯಿತು.

ನಿಲ್ಲುವ ಮುನ್ನ ಅದನ್ನು ಕಣ್ತುಂಬ ನೋಡಿದವರು ಜಾಮಿನಿ ರಾಯ್. ಬಾಂಕುಡಾ ಜಿಲ್ಲೆಯ ಬೇಲಿಯಾತೋಡದಲ್ಲಿ 1887ರಲ್ಲಿ ಹುಟ್ಟಿ, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, ಪಾಶ್ಚಾತ್ಯ ಶೈಲಿಯ ಭಾವಚಿತ್ರಗಳಿಂದ ಹೆಸರು ಮಾಡಿದ್ದವರು 1920ರ ದಶಕದಲ್ಲಿ ಅದನ್ನೆಲ್ಲ ಬಿಟ್ಟು ಪಟುವಾಗಳ ಗೆರೆಯ ಕಡೆ ತಿರುಗಿದರು. ಮಣ್ಣಿನ ಬಣ್ಣ, ನೀಲಿ, ದೀಪದ ಕಪ್ಪು, ಹುಣಸೆಬೀಜದ ಅಂಟು ಅವರ ಸಾಮಗ್ರಿಗಳಾದವು. ಗೆರೆಯೊಡನೆ ಪಟುವಾಗಳ ಅರ್ಥಶಾಸ್ತ್ರವನ್ನೂ ಅವರು ತೆಗೆದುಕೊಂಡರೆಂಬುದು ನಮಗೆ ಹೆಚ್ಚು ಮುಖ್ಯ. ಮನೆಯೇ ಕಾರ್ಖಾನೆಯಾಯಿತು, ಮಗನೂ ಕೈಜೋಡಿಸಿದ, ಒಂದೇ ಚಿತ್ರ ಹಲವು ಬಾರಿ ಬರೆಯಲ್ಪಟ್ಟಿತು, ಮಧ್ಯಮವರ್ಗದವರು ಕೊಳ್ಳುವಂತೆ ಬೆಲೆ ತಗ್ಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ಬೀಡುಬಿಟ್ಟಿದ್ದ ವಿದೇಶಿ ಸೈನಿಕರೂ ಅವನ್ನು ಕೊಂಡು ತಮ್ಮ ಊರುಗಳಿಗೆ ಒಯ್ದರು. ಇಷ್ಟೊಂದು ಪ್ರತಿಗಳೇ ಎಂದು ಮೂಗು ಮುರಿದ ವಿಮರ್ಶಕರೂ ಇದ್ದರು. ಅವರು ಕಾಳೀಘಾಟವನ್ನು ಮರೆತಿದ್ದರೆಂದೇ ನಮ್ಮ ಅನಿಸಿಕೆ.

1972ರಲ್ಲಿ ಜಾಮಿನಿ ರಾಯ್ ತೀರಿಕೊಂಡರು. ಅದೇ ವರ್ಷ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ಬಂತು. ಅದರಡಿ 1976ರಲ್ಲಿ ಅವರ ಕೃತಿಗಳು ಕಲಾನಿಧಿಗಳೆಂದು ಘೋಷಿತವಾದವು. ಸೈನಿಕರು ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದುದನ್ನು ಇಂದು ದೇಶದಾಚೆ ಮಾರಲು ಒಯ್ಯುವಂತಿಲ್ಲ. ಎಲ್ಲರ ಗೋಡೆಗೂ ಎಂದು ಬರೆದವರ ಚಿತ್ರ ಹರಾಜುಕಟ್ಟೆಯಲ್ಲಿ ಲಕ್ಷಗಳಿಗೆ ಏರಿದೆ.

ಪಟುವಾಗಳು ಮಾತ್ರ ಅಳಿದಿಲ್ಲ. ಮೇದಿನೀಪುರದ ನಯಾ ಗ್ರಾಮದಲ್ಲಿ ಚಿತ್ರಕಾರ್ ಎಂಬ ಅಡ್ಡಹೆಸರಿನ ಮನೆಗಳು ಇಂದಿಗೂ ಪಟ ಬರೆಯುತ್ತವೆ. ಹೆಚ್ಚಿನವರು ಮುಸಲ್ಮಾನರು, ಹಾಡುವುದು ಮನಸೆಯ ಕಥೆಯನ್ನು, ದುರ್ಗೆಯ ಕಥೆಯನ್ನು. ಕರಕುಶಲ ಮೇಳಗಳಿಗೆ ಅವರು ಸುರುಳಿಗಳನ್ನೂ ಅಂಗೈಯಗಲದ ಪಟಗಳನ್ನೂ ಬಣ್ಣ ಬರೆದ ಕೆಟಲ್, ಕೊಡೆಗಳನ್ನೂ ತರುತ್ತಾರೆ. ಕೇಳಿಕೊಂಡರೆ ಸುರುಳಿ ಬಿಚ್ಚಿ ಹಾಡುತ್ತಾರೆ. ನಿಂತು ಕೇಳಿದವರು ಕೊನೆಗೆ ಕೊಳ್ಳುವುದು ಬಹುಮಟ್ಟಿಗೆ ಆ ಅಂಗೈಯಗಲದ ಪಟವನ್ನೇ.